ವಾಲ್ಜೂ 7750 ಕ್ರೋನೋಗ್ರಾಫ್: ದಿನಕ್ಕೆ ನಾಲ್ಕೈದು ನಿಮಿಷ ಮುಂದೆ ಓಡುತ್ತಿದೆ, ಮುಳ್ಳು 12ಕ್ಕೆ ಸರಿಯಾಗಿ ನಿಲ್ಲುತ್ತಿಲ್ಲ

ಹೊಸಮುಳ್ಳು:
ಎಲ್ಲರಿಗೂ ನಮಸ್ಕಾರ. ಇಷ್ಟು ವರ್ಷ ಅಪ್ಪನ ಎಚ್‌ಎಂಟಿ ಜನತಾ ಕಟ್ಟುತ್ತಿದ್ದೆ. ಬೆಳಿಗ್ಗೆ ಎದ್ದ ತಕ್ಷಣ ಕೀ ಕೊಡುವುದು, ಗಟ್ಟಿಯಾದಾಗ ಬಿಡುವುದು, ಅಷ್ಟೇ ಗೊತ್ತು. ಈಗ ಆಸೆಪಟ್ಟು ಕ್ರೋನೋಗ್ರಾಫ್ (ಸ್ಟಾಪ್‌ವಾಚ್ ಕೂಡ ಇರುವ ವಾಚು) ಒಂದನ್ನು ಕೊಂಡಿದ್ದೇನೆ. ಒಳಗಿರುವ ಯಂತ್ರ ವಾಲ್ಜೂ 7750, ಕೈ ಆಡಿದಂತೆ ತಾನೇ ಕೀ ತುಂಬಿಕೊಳ್ಳುವ ಆಟೋಮ್ಯಾಟಿಕ್. ವಾರಂಟಿ ಇನ್ನೂ ಇದೆ.

ತೊಂದರೆ ಮೂರು. ಕೈ ಬೀಸಿದಾಗ ಒಳಗೇನೋ ಗಿರ್ರನೆ ತಿರುಗಿ ಮಣಿಕಟ್ಟೇ ಅದುರುತ್ತದೆ. ಮೊದಲು ದಿನಕ್ಕೆ ಕೆಲವೇ ಸೆಕೆಂಡು ಹೆಚ್ಚು ಕಡಿಮೆ ಇದ್ದದ್ದು ಕಳೆದ ವಾರದಿಂದ ನಾಲ್ಕೈದು ನಿಮಿಷ ಮುಂದೆ ಹೋಗುತ್ತಿದೆ. ಇನ್ನೊಂದು, ರೀಸೆಟ್ ಒತ್ತಿದರೆ ನಡುವಿನ ಉದ್ದ ಮುಳ್ಳು 12ರ ಗೆರೆಯಿಂದ ಚೂರು ಬಲಕ್ಕೆ ನಿಲ್ಲುತ್ತದೆ. ಹತ್ತಿರದ ರಿಪೇರಿ ಅಂಗಡಿಯಲ್ಲಿ ತೋರಿಸಿದೆ. ಪೂರ್ತಿ ಬಿಚ್ಚಿ ಸರ್ವಿಸ್ ಮಾಡಬೇಕು ಎಂದರು. ಕೊಡಲೇ?

ತುಂಗಾತೀರ:
ಕೊಡಬೇಡಿ. ಹೊರಗೆ ಹಿಂಬದಿ ಮುಚ್ಚಳ ತೆಗೆಸಿದರೆ ಮೊದಲು ಹೋಗುವುದು ವಾರಂಟಿ. ನೀವು ಹೇಳಿದ ಮೂರರಲ್ಲಿ ಒಂದು ತೊಂದರೆಯೇ ಅಲ್ಲ, ಇನ್ನೊಂದು ಮುಚ್ಚಳ ತೆಗೆಯದೆಯೇ ಸರಿಹೋಗುವಂಥದ್ದು.

ಅದುರುವುದು 7750ರ ಹುಟ್ಟುಗುಣ. ಇದರ ರೋಟರ್ (ಕೈ ಆಡಿದಂತೆ ತಿರುಗುವ ಭಾರದ ತುಂಡು) ಒಂದು ದಿಕ್ಕಿಗೆ ತಿರುಗಿದಾಗ ಮಾತ್ರ ಸ್ಪ್ರಿಂಗ್ ಸುತ್ತುತ್ತದೆ. ಇನ್ನೊಂದು ದಿಕ್ಕಿಗೆ ಹೊರೆಯೇ ಇಲ್ಲ, ಹಾಗಾಗಿ ಆ ಭಾರದ ತುಂಡು ವೇಗವಾಗಿ ತಿರುಗುತ್ತದೆ, ಅದು ಕೈಗೆ ಗೊತ್ತಾಗುತ್ತದೆ. 1970ರ ದಶಕದಲ್ಲಿ ಎಡ್ಮಂಡ್ ಕ್ಯಾಪ್ಟ್ ಈ ಯಂತ್ರವನ್ನು ರೂಪಿಸಿದಾಗಿನಿಂದಲೂ ಹೀಗೇ. ಸ್ಟಾರ್ಟ್ ಬಟನ್ ಬಿಗಿ ಅನಿಸಿದರೂ ಹೆದರಬೇಡಿ. ಕ್ರೋನೋಗ್ರಾಫನ್ನು ನಡೆಸಿ ನಿಲ್ಲಿಸಲು ಒಳಗೆ ಕಾಲಂ ವೀಲ್ (ಸಣ್ಣ ಕಂಬಗಳಿರುವ ಚಕ್ರ) ಬದಲು ಕ್ಯಾಮ್ (ಅಂಚು ಉಬ್ಬುತಗ್ಗಾಗಿರುವ ತಟ್ಟೆ) ಇರುವುದರಿಂದ ಒತ್ತಲು ಸ್ವಲ್ಪ ಬಲ ಬೇಕು. ಆದರೆ ಉಜ್ಜಿದಂಥ, ಕೆರೆದಂಥ ಸದ್ದು ಬಂದರೆ ಮಾತ್ರ ತೋರಿಸಲೇಬೇಕು.

ಜನತಾ ರೂಢಿಯವರಿಗೆ ಒಂದು ಮಾತು: ಆಟೋಮ್ಯಾಟಿಕ್‌ನಲ್ಲಿ ಕೀ ಎಷ್ಟು ಕೊಟ್ಟರೂ ಗಟ್ಟಿಯಾಗಿ ನಿಲ್ಲುವುದಿಲ್ಲ, ತುಂಬಿದ ಮೇಲೆ ಸ್ಪ್ರಿಂಗಿನ ತುದಿ ಜಾರುವಂತೆ ಮಾಡಿರುತ್ತಾರೆ. ವಾಚು ನಿಂತುಹೋಗಿದ್ದಾಗ 25–30 ಸುತ್ತು ಕೊಟ್ಟು ಕಟ್ಟಿಕೊಂಡರೆ ಸಾಕು.

ಈಗ ಎರಡು ಪ್ರಶ್ನೆ. ರಾತ್ರಿ ವಾಚು ಎಲ್ಲಿಡುತ್ತೀರಿ? ಉದ್ದ ಮುಳ್ಳು ಪ್ರತಿ ಸಲ ಅಷ್ಟೇ ದೂರ ನಿಲ್ಲುತ್ತದೆಯೋ, ಒಮ್ಮೊಮ್ಮೆ ಒಂದೊಂದು ಕಡೆಯೋ? ಬೇರೆ ಬೇರೆ ಹೊತ್ತು ಓಡಿಸಿ, ನಿಲ್ಲಿಸಿ, ರೀಸೆಟ್ ಮಾಡಿ ನೋಡಿ.

ಹೊಸಮುಳ್ಳು:
ಧನ್ಯವಾದ ಸರ್, ಅರ್ಧ ಚಿಂತೆ ಕಳೆಯಿತು. ಮುಳ್ಳು ಪ್ರತಿ ಸಲವೂ ಒಂದೇ ಜಾಗ, ಗೆರೆಯಿಂದ ಅರ್ಧ ಸೆಕೆಂಡಿನಷ್ಟು ಬಲಕ್ಕೆ. ವಾಚು ಇಡುವುದು ಮಂಚದ ಪಕ್ಕದ ಮೇಜಿನ ಮೇಲೆ. ಕಳೆದ ವಾರ ಫೋನಿಗೆ ಹೊಸ ಚಾರ್ಜಿಂಗ್ ಸ್ಟ್ಯಾಂಡ್ ಬಂತು, ಫೋನ್ ತಾನಾಗಿ ಅಂಟಿಕೊಳ್ಳುತ್ತದಲ್ಲ, ಆ ಥರದ್ದು. ವಾಚು ಅದರ ಬುಡದಲ್ಲೇ ಇರುತ್ತದೆ.

ತುಂಗಾತೀರ:
ಹಾಗಿದ್ದರೆ ಕಾರಣ ಬಹುತೇಕ ಅದೇ. ಫೋನನ್ನು ಹಿಡಿದುಕೊಳ್ಳುವುದು ಅಯಸ್ಕಾಂತ. ವಾಚಿನ ಲಯ ಹಿಡಿಯುವ ಬ್ಯಾಲೆನ್ಸ್ ಚಕ್ರವನ್ನು ಆಡಿಸುವ ಹೇರ್‌ಸ್ಪ್ರಿಂಗ್ ಕೂದಲೆಳೆಯಷ್ಟು ತೆಳು. ಅದಕ್ಕೆ ಕಾಂತತ್ವ ಹತ್ತಿದರೆ ಅಕ್ಕಪಕ್ಕದ ಸುತ್ತುಗಳು ಒಂದಕ್ಕೊಂದು ಅಂಟುತ್ತವೆ, ಸ್ಪ್ರಿಂಗ್ ಗಿಡ್ಡವಾದಂತಾಗುತ್ತದೆ, ಚಕ್ರ ಬೇಗ ಬೇಗ ಆಡುತ್ತದೆ. ಅದಕ್ಕೇ ಇದ್ದಕ್ಕಿದ್ದಂತೆ ನಿಮಿಷಗಟ್ಟಲೆ ಮುಂದೆ ಓಡುವುದು. ಎಣ್ಣೆ ಒಣಗಿದ ವಾಚು ಹೀಗೆ ರಾತ್ರೋರಾತ್ರಿ ಬದಲಾಗುವುದಿಲ್ಲ.

ನೋಡುವುದು ಹೇಗೆ ಅಂದರೆ, ಮಕ್ಕಳ ಜಾಮಿಟ್ರಿ ಬಾಕ್ಸಿನಲ್ಲಿ ಬರುವಂಥ ಸಣ್ಣ ದಿಕ್ಸೂಚಿ ಸಾಕು. ಅದನ್ನು ಮೇಜಿನ ಮೇಲಿಟ್ಟು, ಮುಳ್ಳಿನ ಒಂದು ತುದಿಯ ಪಕ್ಕಕ್ಕೆ ವಾಚನ್ನು ತಂದು ನಿಧಾನ ತಿರುಗಿಸಿ. ಬರೀ ಎಳೆದುಕೊಂಡರೆ ಅರ್ಥವಿಲ್ಲ, ಸಾದಾ ಉಕ್ಕೂ ಎಳೆಯುತ್ತದೆ. ವಾಚಿನ ಒಂದು ಬದಿ ಎಳೆದು ಇನ್ನೊಂದು ಬದಿ ದೂರ ತಳ್ಳಿದರೆ ಕಾಂತತ್ವ ಇದೆ ಎಂದೇ ಲೆಕ್ಕ.

ತೆಗೆಯಲು ಡಿಮ್ಯಾಗ್ನೆಟೈಜರ್ ಎಂಬ ಸಣ್ಣ ಪೆಟ್ಟಿಗೆ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುತ್ತದೆ. ಒಳ್ಳೆಯ ರಿಪೇರಿಯವರ ಮೇಜಿನ ಮೇಲೂ ಇರುತ್ತದೆ, ಎರಡು ನಿಮಿಷದ ಕೆಲಸ. ವಾಚನ್ನು ಅದರ ಮೇಲಿಟ್ಟು ಗುಂಡಿ ಒತ್ತಿ ಹಿಡಿಯಿರಿ. ಬೆರಳಿಗೆ ಸಣ್ಣಗೆ ಗುಂಯ್ ಎನ್ನುವ ಕಂಪನ ಸಿಗುತ್ತದೆ. ಗುಂಡಿ ಬಿಡದೆ ವಾಚನ್ನು ನೇರ ಮೇಲಕ್ಕೆ, ನಿಧಾನವಾಗಿ, ತೋಳು ಚಾಚುವಷ್ಟು ದೂರ ಒಯ್ಯಿರಿ. ಗುಂಡಿ ಬಿಡುವುದು ಆಮೇಲೆ. ಹತ್ತಿರವಿದ್ದಾಗಲೇ ಬಿಟ್ಟರೆ ತೆಗೆಯುವ ಬದಲು ಇನ್ನಷ್ಟು ಹತ್ತಿಸಿದಂತಾಗುತ್ತದೆ. ಎಲ್ಲ ಅಡಗಿರುವುದು ಈ ನಿಧಾನದಲ್ಲೇ.

ಕಾಫಿನಾಡು:
ತುಂಗಾತೀರ ಸರ್ ಹೇಳಿದ ಮೇಲೆ ನಾನು ಸೇರಿಸುವುದು ಇಷ್ಟೇ: ಡಿಮ್ಯಾಗ್ನೆಟೈಜ್ ಆದ ಮೇಲೆ ಟೈಮ್‌ಗ್ರಾಫರ್ (ಟಿಕ್ ಸದ್ದು ಕೇಳಿ ವಾಚಿನ ಓಟ ಅಳೆಯುವ ಯಂತ್ರ) ಮೇಲೆ ಇಡಿಸುವುದಾದರೆ ಅದರಲ್ಲಿ ಲಿಫ್ಟ್ ಆ್ಯಂಗಲ್ (ಆಯಾ ವಾಚಿನ ಯಂತ್ರಕ್ಕೆ ತಕ್ಕಂತೆ ಹಾಕಬೇಕಾದ ಕೋನ) 49 ಡಿಗ್ರಿಗೆ ಇಡಲು ಹೇಳಿ. ಟೈಮ್‌ಗ್ರಾಫರ್ ಸಾಮಾನ್ಯವಾಗಿ 52ರಲ್ಲೇ ಇರುತ್ತದೆ, ಆಗ ಆಂಪ್ಲಿಟ್ಯೂಡ್ (ಬ್ಯಾಲೆನ್ಸ್ ಚಕ್ರ ಎಷ್ಟು ದೂರ ಆಡುತ್ತದೆ ಎಂಬ ಅಳತೆ) ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಕ್ರೋನೋಗ್ರಾಫ್ ಓಡುತ್ತಿರುವಾಗ ಆಂಪ್ಲಿಟ್ಯೂಡ್ ಸ್ವಲ್ಪ ಇಳಿಯುವುದು ಸಹಜ, ಅದನ್ನು ತೋರಿಸಿ ಯಾರಾದರೂ ಸರ್ವಿಸ್ ಬೇಕೆಂದರೆ ಒಪ್ಪಬೇಡಿ.

ಹೊಸಮುಳ್ಳು:
ದಿಕ್ಸೂಚಿ ಮುಳ್ಳು 3ರ ಕಡೆ ಎಳೆದು 9ರ ಕಡೆ ತಳ್ಳಿತು. ಪರಿಚಯದ ರಿಪೇರಿಯವರೊಬ್ಬರಲ್ಲಿ ನೀವು ಹೇಳಿದಂತೆಯೇ ಮಾಡಿಸಿದೆ. ನಿನ್ನೆಯಿಂದ ಇಂದಿಗೆ ಐದು ಸೆಕೆಂಡು ಮುಂದೆ, ಅಷ್ಟೇ! ಸ್ಟ್ಯಾಂಡನ್ನು ಹಾಲ್‌ಗೆ ಸಾಗಿಸಿದ್ದೇನೆ. ಉಳಿದಿರುವುದು 12ಕ್ಕೆ ಬರದ ಮುಳ್ಳು.

ತುಂಗಾತೀರ:
ಬಹಳ ಸಂತೋಷ. ಮುಳ್ಳಿನ ವಿಷಯಕ್ಕೆ ಬರೋಣ. ರೀಸೆಟ್ ಒತ್ತಿದಾಗ ಒಳಗೆ ಹೃದಯದ ಆಕಾರದ ಒಂದು ಕ್ಯಾಮ್ ಮೇಲೆ ಸುತ್ತಿಗೆ ಬಡಿಯುತ್ತದೆ, ಕ್ಯಾಮ್ ಎಲ್ಲಿದ್ದರೂ ತಿರುಗಿ ಒಂದೇ ನೆಲೆಗೆ ಬಂದು ನಿಲ್ಲುತ್ತದೆ. ನಿಮ್ಮ ಮುಳ್ಳು ಪ್ರತಿ ಸಲ ಒಂದೇ ಜಾಗದಲ್ಲಿ ನಿಲ್ಲುತ್ತಿದೆ ಅಂದರೆ ಸುತ್ತಿಗೆ, ಕ್ಯಾಮ್ ಎರಡೂ ಸರಿಯಿವೆ, ಮುಳ್ಳನ್ನು ಕೂರಿಸಿದ ಕೋನ ಮಾತ್ರ ಚೂರು ತಪ್ಪಿದೆ. ಸಲಕ್ಕೊಂದು ಕಡೆ ನಿಂತಿದ್ದರೆ ಮುಳ್ಳು ಸಡಿಲವೆಂದೋ ಸುತ್ತಿಗೆ ಪೂರ್ತಿ ಬೀಳುತ್ತಿಲ್ಲವೆಂದೋ ಯೋಚಿಸಬೇಕಿತ್ತು. ಇದನ್ನು ಅಧಿಕೃತ ಸರ್ವಿಸ್ ಸೆಂಟರ್‌ಗೇ ಕೊಡಿ, ವಾರಂಟಿಯಲ್ಲಿ ಮುಳ್ಳು ತೆಗೆದು ಮತ್ತೆ ಕೂರಿಸಿಕೊಡಲು ಕೇಳಿ. ಕೊಡುವ ಮುಂಚೆ ರೀಸೆಟ್ ಆದ ಸ್ಥಿತಿಯಲ್ಲಿ ನೇರ ಮೇಲಿನಿಂದ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಓರೆಯಿಂದ ತೆಗೆದರೆ ಸರಿಯಿರುವ ಮುಳ್ಳೂ ತಪ್ಪಾಗಿ ಕಾಣುತ್ತದೆ.

ಕ್ರೋನೋಗ್ರಾಫ್ ಓಡುತ್ತಿರುವಾಗ ರೀಸೆಟ್ ಒತ್ತಬೇಡಿ, ಇದು ಫ್ಲೈಬ್ಯಾಕ್ (ಓಡುತ್ತಿರುವಾಗಲೇ ರೀಸೆಟ್ ಮಾಡಬಹುದಾದ ಬಗೆ) ಅಲ್ಲ. ಮೊದಲು ಮೇಲಿನ ಬಟನ್‌ನಿಂದ ನಿಲ್ಲಿಸಿ, ಆಮೇಲೆ ಕೆಳಗಿನದು. ನೀರಿನೊಳಗೆ ಯಾವ ಬಟನ್ನೂ ಮುಟ್ಟಬೇಡಿ. ಮಳೆಗಾಲದಲ್ಲಿ ಗಾಜಿನ ಒಳಗೆ ಮಂಜು ಕಂಡರೆ ಬಿಸಿಲಿಗಿಟ್ಟು ಕಾಯದೆ ಅದೇ ದಿನ ಒಯ್ಯಿರಿ.

ಹೊಸಮುಳ್ಳು:
ಸೋಮವಾರವೇ ಕೊಡುತ್ತೇನೆ ಸರ್. ಇನ್ನೊಂದು ಸಂಶಯ, ತಾರೀಖು ರಾತ್ರಿ ಮಲಗುವ ಮುಂಚೆ ಬದಲಿಸಬಹುದೇ?

ತುಂಗಾತೀರ:
ಬೇಡ. ವಾಚಿನ ಮುಳ್ಳುಗಳು ರಾತ್ರಿ 8ರಿಂದ 2ರ ನಡುವೆ ಇದ್ದಾಗ ತಾರೀಖಿನ ಹಲ್ಲುಗಳು ಆಗಲೇ ಕಚ್ಚಿಕೊಂಡಿರುತ್ತವೆ, ಬಲವಂತ ಮಾಡಿದರೆ ಮುರಿಯಬಹುದು. ಬೆಳಿಗ್ಗೆ ಬದಲಿಸಿ. ವಾಚು ನಿಂತಿದ್ದರೆ ಮೊದಲು ಮುಳ್ಳುಗಳನ್ನು ಮುಂದಕ್ಕೆ ತಿರುಗಿಸಿ, ತಾರೀಖು ಎಲ್ಲಿ ಹಾರುತ್ತದೋ ಅದು ನಡುರಾತ್ರಿ. ಅಲ್ಲಿಂದ ಬೆಳಗಿನ 6ಕ್ಕೆ ತಂದು, ತಾರೀಖು ಸರಿಮಾಡಿ, ಆಮೇಲೆ ಸಮಯ ಹೊಂದಿಸಿ.