ಪದಚರ್ಚೆ: ‘ಖುರ್ದ್ ಕಾಬೂಲ್ ಪಾಸ್’ – ಕಣಿವೆಯೋ ಘಾಟಿಯೋ?

ಗೆಳೆಯರೇ, ಒಂದು ಪದ ಬೇಕಾಗಿದೆ. ನಾಳೆ ಬೆಳಿಗ್ಗೆ ಪುಟ ಅಚ್ಚಿಗೆ ಹೋಗುತ್ತೆ.

1842ರ ಜನವರಿ 6ಕ್ಕೆ ಕಾಬೂಲು ಬಿಟ್ಟು ಜಲಾಲಾಬಾದಿಗೆ ಹೊರಟ ಕಂಪನಿ ಸೈನ್ಯದ ಬಗ್ಗೆ ಒಂದು ಬರಹ ಅನುವಾದ ಮಾಡುತ್ತಿದ್ದೇನೆ. ಜೊತೆಗೊಂದು ನಕ್ಷೆ ಇದೆ. ಅದರಲ್ಲಿ ‘ಖುರ್ದ್ ಕಾಬೂಲ್ ಪಾಸ್’, ‘ಜಗ್ದಲಕ್ ಪಾಸ್’ ಅಂತ ಎರಡು ಹೆಸರು. ಪಾಸ್ ಅಂದರೆ ಇಂಗ್ಲಿಷಿನಲ್ಲಿ ಬೆಟ್ಟಗಳ ನಡುವೆ ದಾಟಿ ಹೋಗುವ ದಾರಿ. ಎರಡಕ್ಕೂ ‘ಕಣಿವೆ’ ಅಂತ ಹಾಕಿದೆ. ಆಮೇಲೆ ನೋಡಿದರೆ ನಕ್ಷೆಯ ಮೂಲೆಯಲ್ಲಿ ‘ಕಾಬೂಲ್ ವ್ಯಾಲಿ’ಯೂ ಇದೆ. ಅದೂ ಕಣಿವೆಯೇ ಅಲ್ವಾ? ಓದುವವರು ಸೈನ್ಯ ಕಾಬೂಲಿನಲ್ಲೇ ಸುತ್ತುತ್ತಿದೆ ಅಂದುಕೊಳ್ಳುತ್ತಾರೆ.

ಖುರ್ದ್ ಕಾಬೂಲ್ ಹೇಗಿದೆ ಅಂತ ಹೇಳಿಬಿಡುತ್ತೇನೆ. ಸುಮಾರು 8 ಕಿ.ಮೀ. ಉದ್ದ. ಎರಡೂ ಕಡೆ ಕಡಿದಾದ ಬಂಡೆ. ತಳದಲ್ಲಿ ಒಂದು ಹಳ್ಳ. ದಾರಿ ಆ ಹಳ್ಳವನ್ನೇ ಮತ್ತೆ ಮತ್ತೆ ದಾಟುತ್ತೆ. ಜನವರಿ 8ಕ್ಕೆ ಇವರು ಒಳಗೆ ಹೋದಾಗ ಹಳ್ಳದ ಅಂಚು ಮಂಜುಗಟ್ಟಿತ್ತು, ಮೇಲೆ ಬಂಡೆಗಳ ಹಿಂದೆ ಉದ್ದ ನಳಿಗೆಯ ಜೆಜೈಲ್ ಬಂದೂಕು ಹಿಡಿದವರು ಕೂತಿದ್ದರು. ಆ ಒಂದೇ ದಿನ ಸುಮಾರು 3,000 ಜನ ಸತ್ತರು. ನಕ್ಷೆಯಲ್ಲಿ ಜಾಗ ಕಡಿಮೆ, ಒಂದೇ ಪದ ಹಿಡಿಸುತ್ತೆ.

ಮರು:
‘ಕಣಿವೆ’ ಸರಿಯಾಗಿದೆ. ಬದಲಿಸಬೇಡಿ. ತಮಿಳಿನ ಕಣವಾಯ್, ತೆಲುಗಿನ ಕನುಮ ನೋಡಿ. ಎರಡೂ ಬೆಟ್ಟ ದಾಟುವ ದಾರಿಗೇ ಇರುವ ಪದ. ಪೂರ್ವ ಘಟ್ಟಕ್ಕೆ ತೆಲುಗಿನವರು ‘ತೂರ್ಪು ಕನುಮಲು’ ಅಂತಾರೆ. ನಮ್ಮಲ್ಲೂ ಹಳೆಯ ಅರ್ಥ ಅದೇ. ಮಾರಿಕಣಿವೆಯನ್ನು ಒಮ್ಮೆ ಕಣ್ಣಾರೆ ನೋಡಿ. ವೇದಾವತಿ ಎರಡು ಗುಡ್ಡಗಳ ನಡುವೆ ನುಸುಳುವ ಜಾಗ ಅದು. ಅಷ್ಟು ಇಕ್ಕಟ್ಟಾಗಿದ್ದಕ್ಕೇ ಅಲ್ಲಿ ಅಣೆಕಟ್ಟು ಕಟ್ಟಿದ್ದು, 1907ರಲ್ಲಿ ಮುಗಿಸಿದ್ದು. ಕೆಟ್ಟಿರುವುದು ‘ವ್ಯಾಲಿ’ಗೆ ಹಾಕಿದ ಪದ. ಅದನ್ನು ಸರಿಮಾಡಿ.

ಮರು:
ಪದ ಹುಟ್ಟಿದ ಕಥೆ ಕಟ್ಟಿಕೊಂಡು ಓದುಗನಿಗೆ ಏನಾಗಬೇಕು? ಇವತ್ತು ಕಣಿವೆ ಅಂದರೆ ಕಾಶ್ಮೀರ ಕಣಿವೆ, ಅಗಲವಾದ ಜಾಗ. ಸುಮ್ನೆ ‘ಘಾಟಿ’ ಹಾಕಿ. ಆಗುಂಬೆ ಘಾಟಿ, ಚಾರ್ಮಾಡಿ ಘಾಟಿ ಗೊತ್ತಿಲ್ಲದವರು ಯಾರು? ಕಂಪನಿ ಸೈನ್ಯ ಘಾಟಿ ಹತ್ತಿ ಸಿಕ್ಕಿಬಿದ್ದ ಕಥೆ ನಮ್ಮಲ್ಲೂ ಇದೆ. 1783ರಲ್ಲಿ ಕಂಪನಿಯ ಸೇನಾಪತಿ ಮ್ಯಾಥ್ಯೂಸ್ ಹೊಸಂಗಡಿ ಘಾಟಿ ಹತ್ತಿ ಬಿದನೂರು ಹಿಡಿದ. ಕೆಲವೇ ತಿಂಗಳಲ್ಲಿ ಟಿಪ್ಪು ಊರನ್ನು ವಾಪಸ್ ತಗೊಂಡು ಅವನನ್ನು ಸೆರೆಹಿಡಿದ.

ಮರು:
ಘಾಟಿ ಬೇಡವೇ ಬೇಡ. ಅದು ಸಂಸ್ಕೃತದ ಘಟ್ಟ. ಹಿಂದಿಯಲ್ಲಿ ಘಾಟಿ ಅಂದರೆ ನೀವು ಬೇಡ ಅನ್ನುತ್ತಿರುವ ವ್ಯಾಲಿಯೇ. ‘ಗಲ್ವಾನ್ ಘಾಟಿ’ ಸುದ್ದಿ ಓದಿಲ್ಲವೇ? ಕನ್ನಡದ್ದೇ ‘ಕಂಡಿ’ ಇದೆ. ಬೇಲಿಯಲ್ಲಿ ದನ ನುಗ್ಗುವ ಕಂಡಿ. ತೆಲುಗಿನಲ್ಲಿ ಗಂಡಿ, ಗಂಡಿಕೋಟದ ಗಂಡಿ. ಪೆನ್ನೆ ಹೊಳೆ ಬಂಡೆ ಸೀಳಿಕೊಂಡು ಹೋಗುವ ಜಾಗಕ್ಕೆ ಆ ಹೆಸರು. ಮನೆಯಲ್ಲೇ ಪದ ಇಟ್ಟುಕೊಂಡು ಪಕ್ಕದ ಮನೆಗೆ ಸಾಲಕ್ಕೆ ಹೋಗುವುದು ಯಾಕೆ?

ಮರು:
ಆಡುವವರಿಲ್ಲದ ಪದ ಪುಸ್ತಕದಲ್ಲಿದ್ದರೂ ಸತ್ತ ಹಾಗೆಯೇ. ಇನ್ನು ಸಾಲದ ಮಾತು. ‘ಖುರ್ದ್’ ಪಾರಸಿ ಪದ, ಚಿಕ್ಕದು ಅಂತ ಅರ್ಥ. ಬೆಳಗಾವಿಯಲ್ಲಿ ಕಂಗ್ರಾಳಿ ಕೆ.ಎಚ್., ಕಂಗ್ರಾಳಿ ಬಿ.ಕೆ. ಅಂತ ಎರಡು ಊರಿವೆ. ಕೆ.ಎಚ್. ಅಂದರೆ ಖುರ್ದ್, ಬಿ.ಕೆ. ಅಂದರೆ ಬುದ್ರುಕ್. ಬಸ್ಸಿನ ಬೋರ್ಡಿನ ಮೇಲೆ ದಿನಾ ಓದುತ್ತೇವೆ. ಅದನ್ನೂ ಅಳಿಸೋಣವೇ? ಸಿಪಾಯಿ, ಫೌಜು, ಹವಾಲ್ದಾರ ತೆಗೆದುಬಿಟ್ಟರೆ ಈ ಬರಹದಲ್ಲಿ ಸೈನ್ಯವೇ ಉಳಿಯುವುದಿಲ್ಲ.

ಮರು:
ದಂಡು ಇದೆ.

ಮರು:
ದಂಡೂ ಸಂಸ್ಕೃತದ ದಂಡದಿಂದಲೇ ಬಂದಿದ್ದು.

ಮರು:
ಜಗಳ ಆಮೇಲೆ ಆಡಬಹುದು, ಅವರಿಗೆ ಬೆಳಿಗ್ಗೆಗೆ ಪದ ಬೇಕು. ಆ ನೆಲದವರು ಏನಂತಾರೆ ಅಂತ ಮೊದಲು ನೋಡೋಣ. ಅಲ್ಲಿನ ಪಾರಸಿಯಲ್ಲಿ ಮೂರು ಪದ ಇವೆ. ದರಾ ಅಂದರೆ ಬೆಟ್ಟಗಳ ನಡುವಿನ ತಗ್ಗು. ತಂಗಿ ಅಂದರೆ ಎರಡು ಬಂಡೆಗಳ ನಡುವಿನ ಸಂದು. ಇಕ್ಕಟ್ಟು ಅನ್ನುವ ಅರ್ಥದ ‘ತಂಗ್’ನಿಂದ ಬಂದ ಪದ ಅದು. ಕೋತಲ್ ಅಂದರೆ ದಾರಿ ಬೆಟ್ಟದ ಏಣು ದಾಟುವ ಎತ್ತರದ ಜಾಗ. ನಿಮ್ಮ ನಕ್ಷೆಯಲ್ಲಿ ‘ಹಫ್ತ್ ಕೋತಲ್’ ಇರಬೇಕು ನೋಡಿ, ಏಳು ಏರು ಅಂತ. ಇಂಗ್ಲಿಷಿನವರು ತಂಗಿಗೂ ಕೋತಲ್‌ಗೂ ಪಾಸ್ ಅಂತಲೇ ಬರೆದರು. ನೀವೂ ಎರಡಕ್ಕೂ ಒಂದೇ ಪದ ಹುಡುಕುತ್ತಿದ್ದೀರಿ, ತೊಡಕು ಅಲ್ಲಿದೆ.

ಖುರ್ದ್ ಕಾಬೂಲಿನಲ್ಲಿ ಜನ ತಳದಲ್ಲಿ ಸಿಕ್ಕಿಬಿದ್ದರು. ಜಗ್ದಲಕ್ ಹಾಗಲ್ಲ. ಜನವರಿ 12ರ ರಾತ್ರಿ ಉಳಿದವರು ಏರು ಹತ್ತಿದರು. ಮೇಲೆ ದಾರಿಗೆ ಅಡ್ಡಲಾಗಿ ಮುಳ್ಳುಕೊಂಬೆಗಳ ಬೇಲಿ. ಕತ್ತಲಲ್ಲಿ ಅದನ್ನು ಬರಿಗೈಯಲ್ಲಿ ಕಿತ್ತು ದಾಟಬೇಕಾಯಿತು. ಕೆಳಗೆ ಸಾಯುವುದು ಬೇರೆ, ಹತ್ತಿ ಸಾಯುವುದು ಬೇರೆ. ನಮ್ಮಲ್ಲಿ ಮೊದಲನೆಯದಕ್ಕೆ ‘ಇಕ್ಕಟ್ಟು’ ಇದೆ. ಜಾಗಕ್ಕೂ ಅದೇ ಪದ, ಕಷ್ಟಕ್ಕೂ ಅದೇ. ಸಂಸ್ಕೃತದ ‘ಸಂಕಟ’ಕ್ಕೂ ಮೂಲದಲ್ಲಿ ಕಿರಿದಾದ ದಾರಿ ಅನ್ನುವ ಅರ್ಥವೇ ಇದೆ.

ಮರು:
ತುಂಬಾ ಉಪಕಾರವಾಯಿತು. ಹೀಗೆ ಕಳಿಸಿದ್ದೇನೆ: ‘ಖುರ್ದ್ ಕಾಬೂಲ್ ಕಣಿವೆ’, ‘ಜಗ್ದಲಕ್ ಘಾಟಿ’. ಮೂಲೆಯ ವ್ಯಾಲಿಗೆ ‘ಕಾಬೂಲ್ ಬಯಲು’. ಊರಿನ ಸುತ್ತ ಇರುವುದು ಬೆಟ್ಟಗಳ ನಡುವಿನ ಬಯಲೇ, ಆದ್ದರಿಂದ ಸುಳ್ಳಾಗುವುದಿಲ್ಲ. ‘ಕಂಡಿ’ ಇಷ್ಟವಾಯಿತು, ಆದರೆ ನಕ್ಷೆಯಲ್ಲಿ ವಿವರಿಸಲು ಜಾಗವಿಲ್ಲ. ಬರಹದ ಒಳಗೆ 8ನೇ ತಾರೀಖಿನ ಸಾಲನ್ನು ತಿದ್ದಿದೆ: ‘ಆ ಇಕ್ಕಟ್ಟಿನೊಳಗೆ ಹೋದವರಿಗೆ ಹಿಂದೆ ತಿರುಗಲೂ ಜಾಗವಿರಲಿಲ್ಲ.’

ಇನ್ನೊಂದು ಪದ ಉಳಿದಿದೆ. ಹೊರಟವರಲ್ಲಿ ಸೈನಿಕರು ಸುಮಾರು 4,500. ಅವರ ಜೊತೆಗೆ ಹೋದ ಅಡುಗೆಯವರು, ಒಂಟೆ ಹೊಡೆಯುವವರು, ಹೆಂಗಸರು, ಮಕ್ಕಳು ಸುಮಾರು 12,000. ನಾನು ‘ಹಿಂಬಾಲಕರು’ ಅಂತ ಬರೆದಿದ್ದೇನೆ. ಯಾರೋ ಸ್ವಾಮಿಗಳ ಭಕ್ತರ ಹಾಗೆ ಕೇಳುತ್ತೆ. ಸತ್ತವರಲ್ಲಿ ಅವರೇ ಜಾಸ್ತಿ. ಅವರನ್ನು ಏನಂತ ಕರೆಯಲಿ?