ಮುತ್ತಜ್ಜನ ಅಡ್ಡಹೆಸರು ಮಲತಂದೆಯದೇ?

ಪ್ರಶ್ನೆ (ವರ್ಲಿ, ಮುಂಬಯಿ)

ನಮಸ್ಕಾರ. ಬಿಡಿಡಿ ಚಾಳಿನ (ಹಳೆಯ ಸರಕಾರಿ ವಸತಿಯ) ನಮ್ಮ ಖೋಲಿ ಪುನರ್ವಿಕಾಸಕ್ಕೆ ಹೋಗುವಾಗ ಟ್ರಂಕಿನಲ್ಲಿದ್ದ ಹಳೆಯ ಕಾಗದಗಳನ್ನೆಲ್ಲ ಹೊರತೆಗೆಯಬೇಕಾಯಿತು. ನನ್ನ ಮುತ್ತಜ್ಜ ವಿಜಾಪುರ ಜಿಲ್ಲೆಯ ಹಳ್ಳಿಯೊಂದರಿಂದ 1930ರ ದಶಕದಲ್ಲಿ ಇಲ್ಲಿಗೆ ಬಂದು ಗಿರಣಿ ಸೇರಿದವರು. ಗಿರಣಿಯ ಕಾಗದದಲ್ಲಿಯೂ ಭಾಡೆ ಪಾವತಿಯಲ್ಲಿಯೂ ಅವರ ಅಡ್ಡಹೆಸರು ಹೊಸಮನಿ ಎಂದಿದೆ. ನಾವೂ ಅದನ್ನೇ ಬರೆದುಕೊಂಡು ಬಂದಿದ್ದೇವೆ. ಆದರೆ ಊರಿನ ಶಾಲೆಯ ದಾಖಲೆಯ ಪ್ರತಿಯಲ್ಲಿ ಬಿರಾದಾರ ಎಂದಿದೆ. ನಡುವೆ ಬರುವ ತಂದೆಯ ಹೆಸರು ಮಾತ್ರ ಎಲ್ಲ ಕಡೆಯೂ ಒಂದೇ.

ಅಜ್ಜನ ತಂಗಿಯನ್ನು ಕೇಳಿದರೆ, “ನಮ್ಮಪ್ಪ ಅವರವ್ವನ ಕೂಡ ಬಂದಾಂವ” ಎಂದಷ್ಟೇ ಹೇಳಿ ಮಾತು ಬದಲಿಸುತ್ತಾರೆ. 1918ರ ಇನ್‌ಫ್ಲುಯೆಂಜಾದಲ್ಲಿ ಹೆತ್ತ ತಂದೆ ತೀರಿಕೊಂಡು, ತಾಯಿ ಮಗನೊಡನೆ ಹೊಸಮನಿಯವರ ಮನೆಗೆ ಬಂದಿರಬಹುದೆಂದು ನನ್ನ ಊಹೆ. ಇದನ್ನು ಖಚಿತಪಡಿಸಿಕೊಳ್ಳುವುದು ಹೇಗೆ?

ಉತ್ತರ (ಪುಣೆ)

ನಾನು ಕಂದಾಯ ಇಲಾಖೆಯಲ್ಲಿದ್ದು ನಿವೃತ್ತನಾದವನು. ಆದ್ದರಿಂದ ನನಗೆ ಮೊದಲು ತೋಚುವುದು ಹೊಲವೇ. ಉಡಿಕೆಗೆ, ಅಂದರೆ ವಿಧವೆಯ ಮರುಮದುವೆಗೆ, ಲಗ್ನಪತ್ರಿಕೆಯೂ ಇಲ್ಲ, ಊಟದ ಲೆಕ್ಕವೂ ಇಲ್ಲ. ಹುಡುಕಿದರೆ ಕೈಗೆ ಸಿಗುವುದು ಅದರಿಂದ ಹೊಲದ ಹಕ್ಕಿನಲ್ಲಾದ ಬದಲಾವಣೆ ಮಾತ್ರ. 1856ರ ವಿಧವಾ ಪುನರ್ವಿವಾಹ ಕಾಯ್ದೆಯ ಎರಡನೆಯ ಕಲಮಿನಂತೆ, ಮರುಮದುವೆಯಾದ ಹೆಂಗಸು ಮೊದಲ ಗಂಡನ ಆಸ್ತಿಯಲ್ಲಿ ತನಗಿದ್ದ ಹಕ್ಕನ್ನು ಕಳೆದುಕೊಳ್ಳುತ್ತಿದ್ದಳು. ಮಗನ ಹಕ್ಕಿಗೆ ಮಾತ್ರ ಅದರಿಂದ ಚ್ಯುತಿ ಇರಲಿಲ್ಲ. ಆದ್ದರಿಂದ ಬಿರಾದಾರರ ಹೊಲದ ಹಳೆಯ ಉತಾರಗಳಲ್ಲಿ (ಹಕ್ಕುದಾಖಲೆಯ ಪ್ರತಿಗಳಲ್ಲಿ), ವಾರಸಾ ದಾಖಲಾದ ಕಡೆ, ನಿಮ್ಮ ಮುತ್ತಜ್ಜನ ಹೆಸರಿನ ಮುಂದೆ ‘ಅಜ್ಞಾನ’ (ಅಂದರೆ ಅಪ್ರಾಪ್ತ ವಯಸ್ಕ) ಎಂದು ಬರೆದು ಪಾಲಕರ ಹೆಸರು ಕೊಟ್ಟಿದ್ದಾರೆಯೇ ನೋಡಿ. ಪಾಲಕಿ ಮೊದಲು ತಾಯಿಯಾಗಿದ್ದು ನಂತರ ದೊಡ್ಡಪ್ಪನೋ ಕಾಕನೋ ಆಗಿದ್ದರೆ, ಆಕೆ ಆ ಮನೆ ಬಿಟ್ಟುಹೋದ ಕಾಲವೂ ಅಲ್ಲಿಯೇ ಸಿಕ್ಕೀತು. ಮುಂಬಯಿ ಪ್ರಾಂತ್ಯದಲ್ಲಿ ಹಕ್ಕುದಾಖಲೆಯ ಕಾಯ್ದೆ ಬಂದದ್ದು 1903ರಲ್ಲಿ. ಹಾಗಾಗಿ ನಿಮಗೆ ಬೇಕಾದ ಕಾಲದ ಕಾಗದ ತಾಲೂಕು ಕಚೇರಿಯ ದಫ್ತರದಲ್ಲಿ ಇರಲು ಸಾಧ್ಯವಿದೆ. ಕೆಲವು ಪುಟಗಳು ಮೋಡಿ ಲಿಪಿಯಲ್ಲಿದ್ದರೆ (ಮರಾಠಿಯ ಹಳೆಯ ಕೂಡುಬರಹ) ಗಾಬರಿಯಾಗಬೇಡಿ, ಅದನ್ನು ಓದಬಲ್ಲವರು ಪುಣೆಯಲ್ಲಿ ಇನ್ನೂ ಇದ್ದಾರೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಹೊಸಮನಿ ಎಂಬುದು ನಮ್ಮ ಕಡೆ ಊರೂರಿಗೂ ಇರುವ ಹೆಸರು. ಹೊಸದಾಗಿ ಮನೆ ಕಟ್ಟಿದ ಯಾರಿಗಾದರೂ ಅದು ಅಂಟಿಕೊಳ್ಳಬಹುದು. ಮಲತಂದೆಯೇ ಇಲ್ಲದೆಯೂ ಬಿರಾದಾರರ ಒಂದು ಕವಲು ಹೊಸಮನಿ ಆಗಿರಬಹುದು. ತಂದೆಯ ಹೆಸರು ಬದಲಾಗದಿರುವುದು ಈ ಅನುಮಾನವನ್ನು ಬಲಪಡಿಸುತ್ತದೆ. ಮುತ್ತಜ್ಜನನ್ನು ಶಾಲೆಗೆ ಸೇರಿಸಿದ ದಿನಾಂಕವನ್ನೂ ಹೆತ್ತ ತಂದೆ ತೀರಿಕೊಂಡ ದಿನಾಂಕವನ್ನೂ ಅಕ್ಕಪಕ್ಕ ಇಟ್ಟು ನೋಡದೆ ಏನನ್ನೂ ನಿರ್ಣಯಿಸಬೇಡಿ.

ಉತ್ತರ (ಡೊಂಬಿವಲಿ)

ಹಿರಿಯರು ಹೇಳಿದ್ದು ಸರಿಯೇ, ಆದರೆ ದಫ್ತರಕ್ಕಿಂತ ಮೊದಲು ಮನೆಯಲ್ಲಿ ಕೇಳಬೇಕಾದದ್ದಿದೆ. ಅಡ್ಡಹೆಸರು ಬದಲಾದರೂ ಮನೆದೇವರು ಸುಲಭವಾಗಿ ಬದಲಾಗುವುದಿಲ್ಲ. ನಿಮ್ಮ ಮನೆಯ ಜವಳ ಎಲ್ಲಿ ತೆಗೆಸುತ್ತಾರೆ? ಊರಿನ ಉಳಿದ ಹೊಸಮನಿಯವರು ಎಲ್ಲಿಗೆ ಹೋಗುತ್ತಾರೆ? ಬೆಡಗನ್ನೂ (ಕುಲದೊಳಗಿನ ಬಳಿಯನ್ನೂ) ಕೇಳಿ, ಏಕೆಂದರೆ ಸಂಬಂಧ ಕೂಡಿಸುವಾಗ ಹಿರಿಯರು ನೋಡುತ್ತಿದ್ದುದು ಅದನ್ನೇ. ಊರಿಗೆ ಹೆಳವರು ಇನ್ನೂ ಬರುತ್ತಿದ್ದರೆ ಅವರನ್ನು ಬಿಡಬೇಡಿ. ಸುಗ್ಗಿಗೆ ಎತ್ತಿನೊಡನೆ ಬಂದು ಮನೆತನದ ವಂಶಾವಳಿ ಹೇಳುವವರು ಅವರು. ನಿಮ್ಮ ಮನೆಗೆ ಬಂದವರು ಬಿರಾದಾರರ ಹೆಳವರೋ ಹೊಸಮನಿಯವರ ಹೆಳವರೋ ಎಂಬುದೇ ಅರ್ಧ ಉತ್ತರವಾದೀತು.

ಅಜ್ಜಿಯನ್ನು ಮಾತ್ರ ‘ಮಲತಂದೆ’ ಎಂದು ನೇರವಾಗಿ ಕೇಳಬೇಡಿ. ಅವರ ಕಾಲದಲ್ಲಿ ಉಡಿಕೆ ನಡೆಯುತ್ತಿತ್ತು, ಆದರೆ ಆಡಿಕೊಳ್ಳುವವರೂ ಇದ್ದರು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ನಿನ್ನೆ ಅಜ್ಜಿಯ ಹತ್ತಿರ ಮನೆದೇವರ ಮಾತು ತೆಗೆದೆ. ನಮ್ಮ ಜವಳವೆಲ್ಲ ಗೊಡಚಿ ವೀರಭದ್ರನಲ್ಲಿ ಆಗಿದೆ. ಊರಿನ ಬೇರೆ ಹೊಸಮನಿಯವರು ಸವದತ್ತಿ ಎಲ್ಲಮ್ಮನ ಒಕ್ಕಲು. ಬಿರಾದಾರರು ಎಲ್ಲಿಗೆ ಹೋಗುತ್ತಾರೆಂದು ಕೇಳಿದಾಗ ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಗೊಡಚಿಗೇ” ಎಂದರು. ಶಾಲೆಯ ದಿನಾಂಕವಿರುವ ಪುಟವನ್ನು ಮತ್ತೊಮ್ಮೆ ತರಿಸುತ್ತಿದ್ದೇನೆ. ಬರುವ ತಿಂಗಳು ಉತಾರ ನೋಡಲು ಊರಿಗೆ ಹೋಗುತ್ತೇನೆ.