ಗೋಡೆ ಒಡೆದು ಗುತ್ತಿಗೆದಾರರು ಹೋದರು, ಛಾವಣಿ ಜಾಕಿಗಳ ಮೇಲೆ ನಿಂತಿದೆ. ಬೇರೆ ಮೇಸ್ತ್ರಿಯನ್ನು ಕರೆಸಬಹುದೇ?

ಪ್ರಶ್ನೆ: ನಿಟುವಳ್ಳಿಯ ಶಿಕ್ಷಕಿ, ದಾವಣಗೆರೆ

ನಮ್ಮ ಮನೆ ದಾವಣಗೆರೆಯ ನಿಟುವಳ್ಳಿಯಲ್ಲಿದೆ. ಹತ್ತಿ ಗಿರಣಿಯಲ್ಲಿ ದುಡಿಯುತ್ತಿದ್ದ ನಮ್ಮ ಮಾವನವರು 1984ರಲ್ಲಿ ಕಟ್ಟಿಸಿದ ಮನೆ. ಕಂಬಗಳಿಲ್ಲ, ಒಂಬತ್ತು ಅಂಗುಲದ ಇಟ್ಟಿಗೆ ಗೋಡೆಗಳ ಮೇಲೆಯೇ ಆರ್‌ಸಿಸಿ ಛಾವಣಿ ಕುಳಿತಿದೆ. ಬಚ್ಚಲು, ಶೌಚಾಲಯ ಎರಡೂ ಹಿತ್ತಿಲಿನಲ್ಲಿವೆ. ಅತ್ತೆಯವರಿಗೆ ಮಂಡಿನೋವು, ರಾತ್ರಿ ಹೊತ್ತು ಮೆಟ್ಟಿಲಿಳಿದು ಅಲ್ಲಿಗೆ ಹೋಗುವುದು ಅವರಿಂದ ಆಗುತ್ತಿಲ್ಲ. ಆದ್ದರಿಂದ ಒಳಗೇ ಒಂದು ಬಚ್ಚಲುಮನೆ ಕಟ್ಟಿಸಿ, ಅಡುಗೆಮನೆ ಮತ್ತು ಊಟದ ಕೋಣೆಯ ನಡುವಿನ ಗೋಡೆ ತೆಗೆಸಿ, ವೈರಿಂಗ್ ಮತ್ತು ನೆಲದ ಟೈಲ್ಸ್ ಹೊಸದಾಗಿ ಮಾಡಿಸಲು ಒಬ್ಬ ಗುತ್ತಿಗೆದಾರರಿಗೆ ಸಾಮಗ್ರಿ ಸಹಿತ 6,90,000 ರೂಪಾಯಿಗೆ ಒಪ್ಪಿಸಿದೆವು.

ಛಾಪಾ ಕಾಗದದ ಕರಾರು ಇಲ್ಲ. ಅವರದೇ ಕೈಬರಹದಲ್ಲಿ ಕೆಲಸಗಳ ಪಟ್ಟಿ, ಒಟ್ಟು ಮೊತ್ತ ಮತ್ತು ಸಹಿ ಇರುವ ಒಂದು ಹಾಳೆ ಇದೆ. ಇದುವರೆಗೆ ಕೊಟ್ಟ 4,60,000 ರೂಪಾಯಿ ಪೂರ್ತಿಯಾಗಿ ಬ್ಯಾಂಕ್ ಮತ್ತು ಫೋನ್‌ಪೇ ಮೂಲಕವೇ ಹೋಗಿದೆ.

ಗೋಡೆ ಒಡೆದರು. ಅದರ ಜಾಗಕ್ಕೆ ತೊಲೆ ಹಾಕಿಲ್ಲ, ಛಾವಣಿಯನ್ನು ಕಬ್ಬಿಣದ ಜಾಕಿಗಳ (ತಾತ್ಕಾಲಿಕ ಆಸರೆ ಕಂಬಗಳ) ಮೇಲೆ ನಿಲ್ಲಿಸಿದ್ದಾರೆ. ಬಚ್ಚಲುಮನೆಯಲ್ಲಿ ಪೈಪುಗಳನ್ನು ಕೂರಿಸಿದ್ದಾರೆ, ಟೈಲ್ಸ್ ಇಲ್ಲ. ವೈರುಗಳು ಅರ್ಧ ಗೋಡೆಯಿಂದ ಹೊರಗೆ ನೇತಾಡುತ್ತಿವೆ. ಯುಗಾದಿಗೆ ಊರಿಗೆ ಹೋದ ಕೆಲಸಗಾರರು ಮರಳಲಿಲ್ಲ. ಕಬ್ಬಿಣದ ಬೆಲೆ ಏರಿದೆ, ನೀವು ಹೆಚ್ಚುವರಿ ಕೆಲಸ ಹೇಳಿದ್ದೀರಿ, ಇನ್ನೂ 1,50,000 ಕೊಟ್ಟರೆ ಮಾತ್ರ ಆಳುಗಳನ್ನು ಕಳಿಸುತ್ತೇನೆ ಎಂದು ಗುತ್ತಿಗೆದಾರರು ಹೇಳುತ್ತಾರೆ. ಅಡುಗೆಮನೆಗೆ ಒಂದು ಅಟ್ಟವನ್ನು ನಾವು ಹೆಚ್ಚಿಗೆ ಕೇಳಿದ್ದು ನಿಜ. ಅದಕ್ಕಾಗುವ ಹಣ ಕೊಡಲು ಸಿದ್ಧವಿದ್ದೇವೆ. ಒಂದು ಅಟ್ಟಕ್ಕೆ ಒಂದೂವರೆ ಲಕ್ಷವೇ?

ನಿನ್ನೆ ಸೆಂಟ್ರಿಂಗ್ ಸಾಮಾನು ಬಾಡಿಗೆಗೆ ಕೊಡುವವರು ಮನೆಗೆ ಬಂದರು. ಗುತ್ತಿಗೆದಾರರು ಬಾಡಿಗೆ ಕಟ್ಟಿಲ್ಲವಂತೆ, ಜಾಕಿಗಳನ್ನು ಬಿಚ್ಚಿಕೊಂಡು ಹೋಗುತ್ತೇವೆ ಎಂದರು. ಛಾವಣಿ ಯಾವುದರ ಮೇಲೆ ನಿಂತಿದೆ ಎಂದು ತೋರಿಸಿದ ಮೇಲೆ ಸೋಮವಾರದವರೆಗೆ ಗಡುವು ಕೊಟ್ಟು ಹೋದರು.

ಮಳೆಗಾಲ ಹತ್ತಿರವಾಗುತ್ತಿದೆ. ಬೇರೆ ಮೇಸ್ತ್ರಿಯಿಂದ ಕೆಲಸ ಮುಗಿಸಿಕೊಂಡರೆ ಇವರಿಂದ ಹಣ ಕೇಳುವ ಹಕ್ಕು ಹೋಗುತ್ತದೆಯೇ? ಪೊಲೀಸರಿಗೆ ದೂರು ಕೊಡಲೇ? ನನ್ನ ತಮ್ಮ ರೇರಾಗೆ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರಕ್ಕೆ) ಬರೆಯಿರಿ ಎನ್ನುತ್ತಾನೆ.

ಉತ್ತರ: ನಿವೃತ್ತ ಲೋಕೋಪಯೋಗಿ ಎಂಜಿನಿಯರ್, ಚಿತ್ರದುರ್ಗ

ತಂಗಿ, ಹಣದ ಮಾತು ಆಮೇಲೆ. ಮೊದಲು ಆ ಜಾಕಿಗಳು.

ಭಾರ ಹೊರುವ ಗೋಡೆಯನ್ನು ತೆಗೆದ ಮೇಲೆ ಆ ಭಾಗದ ಛಾವಣಿಗೆ ಬೇರೆ ಆಸರೆ ಇಲ್ಲ. ಸೋಮವಾರದವರೆಗೆ ಕಾಯಬೇಡಿ. ಬಾಡಿಗೆಯವರ ಬಳಿಗೆ ನಾಳೆಯೇ ಹೋಗಿ, ಇಂದಿನಿಂದ ಮುಂದಿನ ಬಾಡಿಗೆಯನ್ನು ನೀವೇ ನೇರವಾಗಿ ಕೊಡುವುದಾಗಿ ಹೇಳಿ. ಎಷ್ಟು ಜಾಕಿ, ಯಾವ ತಾರೀಖಿನಿಂದ ಎಂದು ಬರೆದ ರಸೀದಿ ಪಡೆಯಿರಿ. ಹಳೆಯ ಬಾಕಿ ಗುತ್ತಿಗೆದಾರರದು, ಅದನ್ನು ನಿಮ್ಮ ತಲೆಗೆ ಕಟ್ಟಿಕೊಳ್ಳಬೇಡಿ. ಜಾಕಿಗಳ ಅಡಿಯಲ್ಲಿ ದಪ್ಪ ಹಲಗೆ ಇದೆಯೇ ನೋಡಿ. ಬರಿಯ ನೆಲದ ಮೇಲೆ ನಿಂತಿದ್ದರೆ ತಿಳಿದವರನ್ನು ಕರೆಸಿ ಸರಿಪಡಿಸಿ, ನೀವಾಗಿಯೇ ತಿರುಗಿಸಲು ಹೋಗಬೇಡಿ. ಆ ಭಾಗದ ಕೆಳಗೆ ಯಾರೂ ಮಲಗಬಾರದು, ಅಡುಗೆ ಮಾಡಬಾರದು. ಮೇಲೆ ನೀರಿನ ಟ್ಯಾಂಕ್, ಮರಳು ಏನಾದರೂ ಇದ್ದರೆ ಖಾಲಿ ಮಾಡಿಸಿ. ಛಾವಣಿಯಲ್ಲಿ ಬಿರುಕು ಕಂಡರೆ ಅದರ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆಯಿರಿ. ಗೆರೆ ದಾಟಿ ಮುಂದೆ ಹೋದರೆ ಅದೇ ದಿನ ಆ ಭಾಗವನ್ನು ಪೂರ್ತಿ ತೆರವು ಮಾಡಿ.

ತೊಲೆಯ ಅಳತೆಯನ್ನು ಮೇಸ್ತ್ರಿಯ ಅಂದಾಜಿಗೆ ಬಿಡಬೇಡಿ. ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜುಗಳಾದ ಯುಬಿಡಿಟಿಯಲ್ಲೋ ಬಿಐಇಟಿಯಲ್ಲೋ ಓದಿ ನಿಮ್ಮ ಊರಿನಲ್ಲೇ ಕಚೇರಿ ಇಟ್ಟಿರುವ ಸ್ಟ್ರಕ್ಚರಲ್ ಎಂಜಿನಿಯರ್‌ಗಳಿದ್ದಾರೆ. ಅವರಲ್ಲಿ ಒಬ್ಬರಿಂದ ನಕ್ಷೆ ಮಾಡಿಸಿ, ಸಹಿ ಹಾಕಿಸಿಕೊಳ್ಳಿ. ಕಾಂಕ್ರೀಟ್ ತೊಲೆಯಾದರೆ, ಆರು ಮೀಟರ್ ಒಳಗಿನ ಅಗಲಕ್ಕೂ ಎರಕ ಹಾಕಿ ಕನಿಷ್ಠ 14 ದಿನ ಆಸರೆ ತೆಗೆಯಬಾರದು ಎಂದು ಕಾಂಕ್ರೀಟ್ ಕೆಲಸದ ಭಾರತೀಯ ಮಾನಕವಾದ ಐಎಸ್ 456 ಹೇಳುತ್ತದೆ. ಅಷ್ಟು ದಿನದ ಜಾಕಿ ಬಾಡಿಗೆಯನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹೊಸ ಮೇಸ್ತ್ರಿ ಸುತ್ತಿಗೆ ಎತ್ತುವ ಮೊದಲೇ ಆಗಬೇಕಾದ ಕೆಲಸ ಅಳತೆ. ಇಲ್ಲದಿದ್ದರೆ ಹಳೆಯವರು ಎಲ್ಲಿಗೆ ಬಿಟ್ಟಿದ್ದರು ಎನ್ನುವುದಕ್ಕೆ ಗುರುತೇ ಉಳಿಯುವುದಿಲ್ಲ. ಇಂತಹ ದಿನ ಇಷ್ಟು ಗಂಟೆಗೆ ಅಳತೆ ಇದೆ, ಬನ್ನಿ ಎಂದು ಗುತ್ತಿಗೆದಾರರಿಗೆ ವಾಟ್ಸ್ಆ್ಯಪ್‌ನಲ್ಲೂ ಸ್ಪೀಡ್ ಪೋಸ್ಟ್‌ನಲ್ಲೂ ತಿಳಿಸಿ. ಬಂದರೆ ಒಳ್ಳೆಯದು, ಬಾರದಿದ್ದರೂ ಅಳತೆ ನಡೆಯಲಿ. ಎಂಜಿನಿಯರ್ ಮತ್ತು ಇಬ್ಬರು ನೆರೆಯವರ ಸಮಕ್ಷಮದಲ್ಲಿ ಗೋಡೆ, ಗಾರೆ, ಪೈಪು, ವಿದ್ಯುತ್ ಪಾಯಿಂಟುಗಳು, ಉಳಿದ ಸಿಮೆಂಟ್ ಚೀಲ ಎಲ್ಲವನ್ನೂ ಎಣಿಸಿ ಬರೆದು ಸಹಿ ಹಾಕಿಸಿ. ಟೇಪ್ ಹಿಡಿದೇ ಫೋಟೋ ತೆಗೆಯಿರಿ. ಆದ ಕೆಲಸದ ಬೆಲೆ ಎಷ್ಟು, ಉಳಿದದ್ದಕ್ಕೆ ಎಷ್ಟು ಬೇಕು ಎಂದು ಎಂಜಿನಿಯರ್ ಬೇರೆ ಬೇರೆಯಾಗಿ ಬರೆದುಕೊಡಲಿ. ನಿಮ್ಮ ಇಡೀ ವ್ಯಾಜ್ಯ ಆ ಎರಡು ಮೊತ್ತಗಳ ಮೇಲೆ ನಿಲ್ಲುತ್ತದೆ.

ಉತ್ತರ: ವಕೀಲರು, ದಾವಣಗೆರೆ

ಮೇಲಿನವರು ಹೇಳಿದ ಅಳತೆ ಪತ್ರ ಕೈಯಲ್ಲಿದ್ದರೆ ನನ್ನ ಕೆಲಸ ಅರ್ಧ ಮುಗಿದಂತೆ.

ಬೇರೆಯವರಿಂದ ಮುಗಿಸಿಕೊಂಡರೆ ಹಕ್ಕು ಹೋಗುವುದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 73ನೇ ಕಲಂ ಪ್ರಕಾರ ಕರಾರು ಮುರಿದದ್ದರಿಂದ ಆದ ನಷ್ಟವನ್ನು ಕೇಳಬಹುದು. ಆ ನಷ್ಟವನ್ನು ತಗ್ಗಿಸಿಕೊಳ್ಳಲು ನಿಮಗೆ ಯಾವ ದಾರಿ ಇತ್ತು ಎನ್ನುವುದನ್ನೂ ನ್ಯಾಯಾಲಯ ನೋಡುತ್ತದೆ. ಆದ್ದರಿಂದ ಸುಮ್ಮನೆ ಕಾಯುವುದೇ ನಿಮಗೆ ಹಾನಿ. ಆದರೆ ಮೊದಲು ಲಿಖಿತ ನೋಟಿಸ್ ಕೊಡಿ: ಬಾಕಿ ಕೆಲಸಗಳ ಪಟ್ಟಿ, ಮುಗಿಸಲು 15 ದಿನದ ಗಡುವು, ತಪ್ಪಿದರೆ ಬೇರೆಯವರಿಂದ ಮಾಡಿಸಿ ಹೆಚ್ಚಾದ ಖರ್ಚನ್ನು ವಸೂಲಿ ಮಾಡುತ್ತೇವೆ ಎಂಬ ಮಾತು. ಛಾವಣಿಯ ಆಸರೆ ಮಾತ್ರ ಗಡುವಿಗೆ ಕಾಯಬೇಕಿಲ್ಲ. ಅಪಾಯದ ಕಾರಣಕ್ಕೆ ತಕ್ಷಣ ಮಾಡಿಸುತ್ತಿದ್ದೇವೆ ಎಂದು ಅದೇ ನೋಟಿಸಿನಲ್ಲಿ ಬರೆಯಿರಿ. ಅಟ್ಟದ ಹಣ ಕೊಡಲು ಸಿದ್ಧ ಎನ್ನುವುದನ್ನೂ ಸೇರಿಸಿ. ಕೊಡಬೇಕಾದದ್ದನ್ನು ಒಪ್ಪಿಕೊಂಡವರ ಮಾತಿಗೆ ತೂಕ ಹೆಚ್ಚು.

ರೇರಾ ಇಲ್ಲಿ ಬರುವುದಿಲ್ಲ. ಮಾರಾಟಕ್ಕಲ್ಲದ ದುರಸ್ತಿ, ನವೀಕರಣ 2016ರ ಆ ಕಾಯ್ದೆಯ ನೋಂದಣಿ ವ್ಯಾಪ್ತಿಯಲ್ಲಿಲ್ಲ. ಪೊಲೀಸರ ಬಳಿ ಹೋದರೆ ಸಿವಿಲ್ ವ್ಯಾಜ್ಯ ಎನ್ನುತ್ತಾರೆ, ಬಹುಮಟ್ಟಿಗೆ ಅದು ಸರಿಯೂ ಹೌದು. ಹಣ ಪಡೆಯುವಾಗಲೇ ಮೋಸದ ಉದ್ದೇಶ ಇತ್ತು ಎಂದು ತೋರಿಸಿದರೆ ಮಾತ್ರ ವಂಚನೆ ಆಗುತ್ತದೆ. ನಿಮ್ಮವರು ಬಂದು ಕೆಲಸ ಮಾಡಿದ್ದಾರೆ, ಅರ್ಧಕ್ಕೆ ಬಿಟ್ಟಿದ್ದಾರೆ.

ನಿಮಗೆ ಸರಿಯಾದ ಜಾಗ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮನೆ ನಿರ್ಮಾಣವೂ ಸೇವೆಯೇ. ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ಕೊಟ್ಟ ಹಣ ಐದು ಲಕ್ಷದೊಳಗೆ ಇರುವುದರಿಂದ ಶುಲ್ಕ ಇಲ್ಲ. ವ್ಯಾಜ್ಯಕ್ಕೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಹೋಗಬೇಕು. ಅದಕ್ಕೂ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಒಂದು ಅರ್ಜಿ ಕೊಡಿ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಕಾನೂನು ನೆರವು ಉಚಿತ. ಅವರು ಇಬ್ಬರನ್ನೂ ಕರೆಸಿ, ರಾಜಿಯಾದರೆ ಲೋಕ ಅದಾಲತ್‌ನಲ್ಲಿ ತೀರ್ಮಾನ ಮಾಡಿಸುತ್ತಾರೆ. ಅದಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿದೆ. ಗುತ್ತಿಗೆದಾರರು ಅಲ್ಲಿಗೆ ಬಾರದಿದ್ದರೆ ಆಯೋಗ ಇದ್ದೇ ಇದೆ.

ವಾಟ್ಸ್ಆ್ಯಪ್ ಸಂದೇಶ, ಧ್ವನಿ ಸಂದೇಶ ಯಾವುದನ್ನೂ ಅಳಿಸಬೇಡಿ. ಫೋನ್ ಬದಲಿಸುವ ಯೋಚನೆ ಇದ್ದರೆ ಮುಂದಕ್ಕೆ ಹಾಕಿ.

ಉತ್ತರ: ಗಾರೆ ಮೇಸ್ತ್ರಿ, ಹರಿಹರ

ಅಕ್ಕ, ನಾನೂ ಸಣ್ಣ ಗುತ್ತಿಗೆ ಹಿಡಿಯುವವನು. ನಿಮ್ಮ ಗುತ್ತಿಗೆದಾರರ ಪರವಾಗಿ ಹೇಳುತ್ತಿಲ್ಲ. ಆಸರೆ ಇಲ್ಲದೆ ಛಾವಣಿ ಬಿಟ್ಟು ಹೋಗುವುದು ನಮ್ಮ ಕಸುಬಿಗೇ ಅವಮಾನ. ತೊಲೆಯ ಕಬ್ಬಿಣ ಬಂದು ಬೀಳುವ ಮೊದಲು ಗೋಡೆ ಮುಟ್ಟಬಾರದಿತ್ತು.

ಒಳಗೆ ಏನಾಗಿರುತ್ತದೆ ಎಂದರೆ, ಒಂದು ಮನೆಯ ಮುಂಗಡ ಇನ್ನೊಂದು ಮನೆಯ ಶನಿವಾರದ ಬಟವಾಡೆಗೆ ಹೋಗಿರುತ್ತದೆ. ಈಗ ಒಂದೂವರೆ ಲಕ್ಷ ಕೊಟ್ಟರೂ ಅದು ನಿಮ್ಮ ಮನೆಗೆ ಕಬ್ಬಿಣವಾಗಿ ಬರುತ್ತದೆ ಎಂಬ ನಂಬಿಕೆ ನನಗಿಲ್ಲ. ಕೊಡಲೇಬೇಕು ಎಂದಾದರೆ ಸಾಮಗ್ರಿಯನ್ನು ಅಂಗಡಿಯಿಂದ ನಿಮ್ಮ ಹೆಸರಿನ ಬಿಲ್ಲಿಗೆ ನೀವೇ ತರಿಸಿ, ಕೂಲಿಯನ್ನು ಆಯಾ ವಾರ ಆದ ಕೆಲಸ ನೋಡಿ ಕೊಡಿ.

ಇನ್ನೊಂದು ಮಾತು. ನಿಮ್ಮ ಮನೆಯಲ್ಲಿ ಕೆಲಸ ಮಾಡಿದ ಪ್ಲಂಬರ್‌ಗೂ ಎಲೆಕ್ಟ್ರಿಷಿಯನ್‌ಗೂ ಕೂಲಿ ಬಾಕಿ ಇರಬಹುದು. ಅವರನ್ನೇ ಹುಡುಕಿ ಮಾತನಾಡಿಸಿ. ಯಾವ ಪೈಪು ಎಲ್ಲಿ ಹೋಗಿದೆ ಎಂದು ಅವರಿಗೆ ಮಾತ್ರ ಗೊತ್ತು. ಉಳಿದ ಕೆಲಸಕ್ಕೆ ಹೊಸದಾಗಿ ನಿಮ್ಮೊಂದಿಗೇ ಕೂಲಿ ಮಾತನಾಡಲಿ. ಬಚ್ಚಲಿಗೆ ಟೈಲ್ಸ್ ಹಾಕುವ ಮೊದಲು ಪೈಪಿನಲ್ಲಿ ನೀರು ತುಂಬಿ ಒತ್ತಡ ಕೊಟ್ಟು ಪರೀಕ್ಷಿಸಿ. ನೆಲಕ್ಕೂ ನೀರು ಕಟ್ಟಿ ಎರಡು ದಿನ ಬಿಡಿ. ಟೈಲ್ಸ್ ಹಾಕಿದ ಮೇಲೆ ಸೋರಿದರೆ ತಪ್ಪು ಯಾರದೆಂದು ಜಗಳ ಶುರುವಾಗುತ್ತದೆ.

ಮರು ಉತ್ತರ: ನಿಟುವಳ್ಳಿಯ ಶಿಕ್ಷಕಿ

ಎಲ್ಲರಿಗೂ ಮನಸಾರೆ ವಂದನೆಗಳು. ಜಾಕಿ ಬಾಡಿಗೆಯ ರಸೀದಿ ನನ್ನ ಹೆಸರಿಗೆ ಆಗಿದೆ. ಅವರು ಒಳ್ಳೆಯವರು, ತಾವೇ ಬಂದು ಅಡಿಗೆ ಹಲಗೆ ಕೊಟ್ಟು ಇನ್ನೆರಡು ಜಾಕಿ ಹೆಚ್ಚಿಗೆ ನಿಲ್ಲಿಸಿದರು. ಛಾವಣಿಯ ಮೇಲಿನ ಟ್ಯಾಂಕ್ ಖಾಲಿ ಮಾಡಿಸಿದ್ದೇವೆ. ಅತ್ತೆಯವರನ್ನು ನಾದಿನಿಯ ಮನೆಗೆ ಕಳಿಸಿದ್ದೇವೆ.

ಅಳತೆಯ ದಿನವನ್ನು ಗುತ್ತಿಗೆದಾರರಿಗೆ ತಿಳಿಸಿದ ಮೇಲೆ ಮೊದಲ ಬಾರಿಗೆ ಅವರೇ ಫೋನ್ ಮಾಡಿದರು. ಎಂಜಿನಿಯರ್ ಯಾಕೆ, ನಾವೇ ಕೂತು ಮಾತನಾಡೋಣ ಎಂದರು. ಕೂತು ಮಾತನಾಡೋಣ, ಅಳತೆಯೂ ಆಗಲಿ ಎಂದೆ. ಒಂದು ಸಂದೇಹ ಉಳಿದಿದೆ: ಅವರು ಬಂದು ಅಳತೆಗೆ ಒಪ್ಪಿ, ಸಹಿ ಹಾಕಲು ನಿರಾಕರಿಸಿದರೆ?

ಉತ್ತರ: ವಕೀಲರು, ದಾವಣಗೆರೆ

ಹಾಜರಿದ್ದರು, ಸಹಿ ಹಾಕಲು ನಿರಾಕರಿಸಿದರು ಎಂದು ಅದೇ ಹಾಳೆಯಲ್ಲಿ ಬರೆದು ಎಂಜಿನಿಯರ್ ಮತ್ತು ಸಾಕ್ಷಿಗಳು ಸಹಿ ಮಾಡಲಿ. ಅದರ ಪ್ರತಿಯನ್ನು ಅಂದೇ ಅವರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿಯನ್ನು ಕಡತಕ್ಕೆ ಸೇರಿಸಿ.